ಕತ್ತಿನ ಡೈ, ಪೂರಾ ಮೈಯ ಡೈ

ಜೂನ್ ಎರಡನೆಯ ವಾರ ಬಂದ ಲಕೋಟೆಯನ್ನು ಸೆಲ್ಮಾ ಟೊಲೆಫ್ಸನ್ ಗೇಟಿನ ಹತ್ತಿರವೇ ಹರಿದು ಓದಿದಳು. ಮೂವತ್ತೊಂದು ವರ್ಷ ಸುತ್ತಲ ರ‍್ಯಾಂಚುಗಳಿಗೆಲ್ಲ ಟಪಾಲು ಹಂಚಿದ ಹೆಂಗಸು ಅವಳು. ಬೇರೆಯವರ ಲಕೋಟೆಯನ್ನು ಎಷ್ಟು ಜೋಪಾನವಾಗಿ ತಲುಪಿಸುತ್ತಿದ್ದಳೋ ತನ್ನದನ್ನು ಅಷ್ಟೇ ಒರಟಾಗಿ ಹರಿಯುತ್ತಿದ್ದಳು. ಒಳಗಿದ್ದದ್ದು ದೊಡ್ಡ ಕೊಂಬಿನ ಕಾಡುಟಗರಿನ ಬೇಟೆಗೆ ಸರ್ಕಾರ ಚೀಟಿ ಎತ್ತಿ ಕೊಡುವ ಪರವಾನಗಿ. ಮೊಂಟಾನಾದ ಆ ಸೀಮೆಯಲ್ಲಿ ಅದಕ್ಕೆ ಅರ್ಜಿ ಹಾಕದ ಮನೆಯಿಲ್ಲ, ಸಿಕ್ಕಿದ ಮನೆ ಮಾತ್ರ ಬೆರಳೆಣಿಕೆಯಷ್ಟು. ಸೆಲ್ಮಾ ಮೂವತ್ತೇಳು ವರ್ಷದಿಂದ ಅರ್ಜಿ ಹಾಕಿದ್ದಳು. ಅವಳಿಗೀಗ ಎಪ್ಪತ್ತೊಂದು. ಇನ್ನೊಂದು ಸಲ ಸಿಗುತ್ತದೆಂದು ಕಾಯುವ ವಯಸ್ಸಲ್ಲ ಅದು, ಅವಳಿಗೂ ಗೊತ್ತಿತ್ತು.

ಮೊದಲು ಫೋನ್ ಮಾಡಿದ್ದು ಅಣ್ಣನ ಮಗ ಆರ್ಲೋನಿಗೆ.

"ಲೋ, ಕೆಲಸ ಬಿಟ್ಟು ಬಾ ಇಲ್ಲಿ."

"ಏನಾಯ್ತು ಅತ್ತೆ? ಬಿದ್ಯಾ?"

"ಬೀಳೋಕೆ ನಾನೇನು ನಿಮ್ಮಪ್ಪನಾ? ಟಗರು ಸಿಕ್ತು ಕಣೋ!"

ಆರ್ಲೋ ಟ್ರ್ಯಾಕ್ಟರು, ಹುಲ್ಲು ಕಟ್ಟುವ ಯಂತ್ರ ಇವನ್ನೆಲ್ಲ ರಿಪೇರಿ ಮಾಡುವವನು. ಮೂವತ್ತೆಂಟು ವರ್ಷ, ಎಮ್ಮೆಯಂಥ ಭುಜ. ಅತ್ತೆಯೆಂದರೆ ಅವನಿಗೆ ಚಿಕ್ಕಂದಿನಿಂದ ಒಂದು ಬೆರಗು, ಮೀಸೆ ನೆರೆತರೂ ಅದು ಹೋಗಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ತಾಲ್ಲೂಕಿನ ಗಂಡಸರು ಸೇರುವ ಬೇಸಿಗೆಯ ಗುರಿ ಪಂದ್ಯದಲ್ಲಿ ಹತ್ತೊಂಬತ್ತು ಸಲ ಮೊದಲು ಬಂದವಳು ಯಾರು? ಮುನ್ನೂರು ಗಜ ದೂರದ ಕಾಗದದಲ್ಲಿ ಐದು ಗುಂಡಿಗೆ ಒಂದೇ ತೂತು ಮಾಡಿ, "ಉಳಿದ ನಾಲ್ಕು ಎಲ್ಲಿ ಹೋದ್ವು ಅಂತ ಹುಡುಕ್ಕೊಳಿ" ಎಂದು ಕಾಫಿ ಕುಡಿಯಲು ಹೋದವಳು ಯಾರು? ಆ ತೋಟಾಗಳನ್ನು ಅವಳು ಅಂಗಡಿಯಿಂದ ಕೊಂಡದ್ದಲ್ಲ. ಮನೆಯ ನೆಲಮಾಳಿಗೆಯಲ್ಲಿ ಕೂತು ಖಾಲಿ ತೋಟಾಗಳಿಗೆ ಹೊಸ ಕೇಪು ಹಾಕಿ, ಮದ್ದು ತೂಗಿ ಸುರಿದು, ಗುಂಡು ಕೂರಿಸಿ, ಒಂದೊಂದನ್ನೂ ತಾನೇ ಕಟ್ಟುತ್ತಿದ್ದಳು. ಅವಳ ನಿಯಮವೊಂದು ಊರಿಗೆಲ್ಲ ಗೊತ್ತು: ತಾನು ಕಟ್ಟಿದ ತೋಟಾ ಬೇರೆಯವರಿಗೆ ಕೊಡುವುದಿಲ್ಲ, ಬೇರೆಯವರು ಕಟ್ಟಿದ್ದನ್ನು ತನ್ನ ರೈಫಲಿಗೆ ಹಾಕುವುದಿಲ್ಲ.

ಅಂಥವಳು ಅವತ್ತು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು, "ಈ ಸಲ ತೋಟಾ ನೀನು ಕಟ್ಟು" ಎಂದಾಗ ಆರ್ಲೋಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು.

"ನಾನಾ? ನಿನ್ ರೈಫಲಿಗಾ?"

"ಕಣ್ಣು ಮಂಜು ಕಣೋ. ತಕ್ಕಡಿ ಮುಳ್ಳು ಎರಡೆರಡು ಕಾಣ್ಸುತ್ತೆ. ಪಕ್ಕದಲ್ಲಿ ನಾನು ಕೂತಿರ್ತೀನಿ. ಕೆಲಸ ನಿಂದು, ಬೈಗುಳ ನಂದು."

"ಬೈಗುಳ ಯಾವಾಗ್ಲೂ ನಿಂದೇ."

"ಇನ್ನೊಂದು. ವಸಂತದಲ್ಲಿ ಹಿಮ ಕರಗಿದಾಗ ಇಲ್ಲಿಗೆ ನೀರು ನುಗ್ಗಿತ್ತಲ್ಲ, ನನ್ ಡೈ ತುಕ್ಕು ಹಿಡಿದು ಹೋಗಿದೆ. ಹೊಸದು ತಗೊಂಡ್ ಬಾ. ಯಾವುದು ಅಂತ ನೀನೇ ಆರಿಸು."

"ನಾನು ಆರಿಸೋದಾ?"

"ಕಿವುಡಾ? ನೀನೇ."

ಡೈ ಎಂದರೆ ಒಳಗೆ ಟೊಳ್ಳಿರುವ ಒಂದು ಉಕ್ಕಿನ ತುಂಡು, ಹೆಬ್ಬೆರಳಿನಷ್ಟು ದಪ್ಪ. ಹಾರಿಸಿದ ತೋಟಾದ ಹಿತ್ತಾಳೆ ಬೆಂಕಿಯ ಬಿಸಿಗೆ ಉಬ್ಬಿ, ರೈಫಲಿನ ಒಳಗೋಡೆಗೆ ಅಂಟಿ, ಅದರ ಅಳತೆಯನ್ನೇ ತೆಗೆದುಕೊಂಡು ಹೊರಬರುತ್ತದೆ. ಅದನ್ನು ಪ್ರೆಸ್ಸಿಗೆ ಕೊಟ್ಟು ಹಿಡಿ ಎಳೆದರೆ, ತೋಟಾ ಡೈಯೊಳಗೆ ನುಗ್ಗಿ ಮತ್ತೆ ಒತ್ತಿಸಿಕೊಂಡು ಅಳತೆಗೆ ಬರುತ್ತದೆ. ವಿಲ್ಬರನ ಅಂಗಡಿಯ ಗಾಜಿನ ಕಪಾಟಿನಲ್ಲಿ ಸೆಲ್ಮಾಳ ರೈಫಲಿನ ಅಳತೆಗೆ ಎರಡು ಡಬ್ಬಿಗಳಿದ್ದವು. ಒಂದು ಪೂರಾ ಮೈಯ ಡೈ, ತೋಟಾವನ್ನು ತಲೆಯಿಂದ ಬುಡದವರೆಗೆ ಒತ್ತುತ್ತದೆ. ಇನ್ನೊಂದು ಕತ್ತಿನ ಡೈ, ಗುಂಡು ಕೂರುವ ಬಾಯಿಯನ್ನಷ್ಟೇ ಒತ್ತಿ ಉಳಿದ ಮೈಯನ್ನು ಉಬ್ಬಿದ ಹಾಗೇ ಬಿಡುತ್ತದೆ. ಅದರಲ್ಲಿ ಕಟ್ಟಿದ್ದು ಅದೇ ರೈಫಲಿನಲ್ಲಿ ಅಲುಗಾಡದೆ ಕೂರುತ್ತದೆ, ಗುರಿಯೂ ಬಿಗಿ.

"ಬೆಟ್ಟಕ್ಕೆ ಹೋಗೋಕಾದ್ರೆ ಪೂರಾ ಮೈದು ತಗೊ ಕಣಯ್ಯಾ," ಎಂದ ವಿಲ್ಬರ್. ನಲವತ್ತು ವರ್ಷದಿಂದ ಅಂಗಡಿಯಲ್ಲಿ ಕೂತು ಕೂತು ಕುರ್ಚಿಯ ಆಕಾರಕ್ಕೇ ಬಂದ ಮನುಷ್ಯ. "ಧೂಳಿರ್ಲಿ, ಚಳಿಯಿರ್ಲಿ, ರೈಫಲಿನ ಬೋಲ್ಟು ಸಲೀಸಾಗಿ ಮುಚ್ಚುತ್ತೆ."

"ಯಾರಿಗೆ ಅಂತ ಗೊತ್ತಾ ನಿನಗೆ?"

"ಗೊತ್ತು ಬಿಡು. ಅದಕ್ಕೇ ಕಪಾಟಿನ ಬೀಗ ತೆಗೀತಿಲ್ಲ. ಪೂರಾ ಮೈದು ಮಾರಿದ ಅಂತ ನಂಗೆ ಆಮೇಲೆ ಬೈಸ್ಕೊಳೋಕಾಗಲ್ಲ."

ಇಬ್ಬರೂ ನಕ್ಕರು. ಪೂರಾ ಮೈಯ ಡೈ ಬಳಸುವವರನ್ನು ಸೆಲ್ಮಾ ಗೇಲಿ ಮಾಡುವುದು ಊರಿನ ಹಳೆಯ ತಮಾಷೆ. "ಅದರಲ್ಲಿ ಕಟ್ಟೋ ಬದಲು ಅಂಗಡೀಲಿ ರೆಡಿಮೇಡ್ ತಗೊಳ್ರಪ್ಪ, ಕೈಗೆ ಎಣ್ಣೆ ಆಗೋದಾದ್ರೂ ತಪ್ಪುತ್ತೆ," ಎಂದು ಪಂದ್ಯದ ಮೈದಾನದಲ್ಲೇ ದೊಡ್ಡ ಗಂಟಲಲ್ಲಿ ಹೇಳಿದ್ದಳು. ಅತ್ತೆಗೆ ಯಾವುದು ಇಷ್ಟವೆಂದು ಆರ್ಲೋ ಯೋಚಿಸಲೂ ಇಲ್ಲ. ಕತ್ತಿನ ಡೈಯ ಡಬ್ಬಿ ಹಿಡಿದು, ಸಿಳ್ಳೆ ಹಾಕುತ್ತ ಬಂದ.

ಸೆಲ್ಮಾ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೂಂ," ಎಂದಳು. ಆಮೇಲೆ ಕಿಟಕಿಯ ಕಡೆ ನೋಡುತ್ತ ಇನ್ನೊಂದು ಸಲ "ಹೂಂ" ಎಂದಳು. ಆರ್ಲೋ ಅದನ್ನು ಮೆಚ್ಚುಗೆಯೆಂದೇ ತಿಳಿದ.

ಜುಲೈ ಆಗಸ್ಟ್ ಪೂರ್ತಿ ಅವರು ಆ ನೆಲಮಾಳಿಗೆಯಲ್ಲಿ ಕೂತರು. ಅತ್ತೆ ಕೆಲಸ ಕಲಿಸುವ ರೀತಿಯೇ ರೀತಿ. ಅವಳು ಕೈಯಲ್ಲಿ ಏನನ್ನೂ ಮುಟ್ಟುತ್ತಿರಲಿಲ್ಲ, ಮಡಿಲಲ್ಲಿ ಕೈ ಕಟ್ಟಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಪ್ರೆಸ್ಸಿನ ಹಿಡಿ ಇಳಿಯುವಾಗ ಆಗುವ ಸಣ್ಣ ಸದ್ದಿನಿಂದಲೇ, "ಅದರ ಬಾಯಿ ಸೀಳಿದೆ, ಎಸಿ" ಎನ್ನುವಳು. ಬೆಳಕಿಗೆ ಹಿಡಿದು ನೋಡಿದರೆ ಕೂದಲೆಳೆಯ ಸೀಳು ನಿಜವಾಗಿಯೂ ಇರುತ್ತಿತ್ತು! ಆರ್ಲೋ ಎಂಜಿನ್ ಸದ್ದು ಕೇಳಿ ರೋಗ ಹೇಳುವವನು. ತನ್ನ ಕಸುಬಿನಲ್ಲಿ ತಾನೂ ಕಡಿಮೆಯಲ್ಲ ಎಂದುಕೊಂಡಿದ್ದವನು, ಅತ್ತೆಯ ಮುಂದೆ ಎಬಿಸಿಡಿ ಕಲಿಯುವವನಾಗಿಬಿಟ್ಟ. ಅದರಿಂದ ಅವನಿಗೆ ಸಂತೋಷವೇ ಆಯಿತು.

ಕಟ್ಟಿದ್ದನ್ನು ಊರಾಚೆ ಜಲ್ಲಿ ಅಗೆದು ಬಿಟ್ಟ ಗುಂಡಿಗೆ ಒಯ್ದು ಅವನೇ ಹಾರಿಸಿ ನೋಡುತ್ತಿದ್ದ, ಅವಳು ದುರ್ಬೀನಿನಲ್ಲಿ ನೋಡುತ್ತಿದ್ದಳು. ಅದೇ ನಲವತ್ತು ತೋಟಾಗಳನ್ನು ಮತ್ತೆ ಮತ್ತೆ ಕಟ್ಟಿ, ಮತ್ತೆ ಮತ್ತೆ ಹಾರಿಸಿ, ಆಗಸ್ಟ್ ಕೊನೆಗೆ ಮೂರು ಗುಂಡೂ ಒಂದೇ ತೂತಿನಲ್ಲಿ ಹೋದವು. ತೋಟಾವನ್ನು ಒಳಗೆ ತಳ್ಳಿ ಬಿಗಿಯುವ ಬೋಲ್ಟು ಮುಚ್ಚುವಾಗ ಕೊನೆಯಲ್ಲಿ ಸ್ವಲ್ಪ ಬಿಗಿಯೆನಿಸುತ್ತಿತ್ತು. ಗಟ್ಟಿ ಒತ್ತಿದರೆ ಟಕ್ ಎಂದು ಕೂರುವುದು. ಆ ಟಕ್ ಅವನಿಗೆ ಹಿತವಾಗಿತ್ತು, ಅಳತೆಗೆ ಹೊಲಿಸಿದ ಕೋಟಿನ ಗುಂಡಿ ಹಾಕಿದ ಹಾಗೆ.

"ಹೆಂಗೆ?" ಎಂದು ಹೆಮ್ಮೆಯಿಂದ ಕೇಳಿದ.

"ಚೆನ್ನಾಗಿದೆ. ನಾನು ಕಟ್ಟಿದ್ದಕ್ಕೆ ಸಮ ಇದೆ," ಎಂದಳು ಸೆಲ್ಮಾ. ಅವಳ ಬಾಯಲ್ಲಿ ಅಂಥ ಮಾತು ಬರುವುದು ಸುಮ್ಮನೆ ಅಲ್ಲ. ಆದರೆ ಮುಖದಲ್ಲಿ ನಗು ಇರಲಿಲ್ಲ. ತಾನು ಒಂದು ಗುಂಡನ್ನೂ ಹಾರಿಸದೆ ಟ್ರಕ್ಕಿನ ಕಡೆ ನಡೆದಳು.

ಸೆಪ್ಟೆಂಬರ್ ಮಧ್ಯದಲ್ಲಿ ಬೇಟೆಯ ಕಾಲ ಶುರುವಾಯಿತು. ಆರ್ಲೋ ಅಂಗಡಿಗೆ ಬೀಗ ಹಾಕಿ, ಚೀಲ ಕಟ್ಟಿಕೊಂಡು ಬಂದರೆ, "ಈ ವಾರ ಸೆಖೆ, ಟಗರು ಮೇಲೆಲ್ಲೋ ಇರ್ತವೆ," ಎಂದಳು. ಮುಂದಿನ ವಾರ ಟೊಮೇಟೊ ಬಾಟಲಿಗೆ ತುಂಬಬೇಕಿತ್ತು. ಅದರ ಮುಂದಿನ ವಾರ ಮಂಡಿ ನೋವು. ಆ ಮಂಡಿಯಲ್ಲೇ ಅವಳು ದಿನಾ ಎರಡು ಮೈಲಿ ನಡೆಯುವುದನ್ನು ಊರೆಲ್ಲ ನೋಡುತ್ತಿತ್ತು. ಅಕ್ಟೋಬರ್ ಹಾಗೇ ಸರಿದುಹೋಯಿತು. ನವೆಂಬರ್ ಕೊನೆಗೆ ಪರವಾನಗಿ ಮುಗಿದರೆ ಮೂವತ್ತೇಳು ವರ್ಷ ಕಾದದ್ದು ಮಣ್ಣುಪಾಲು.

ಒಂದು ಶುಕ್ರವಾರ ವಿಲ್ಬರ್ ತಾನಾಗಿ ಆರ್ಲೋನ ರಿಪೇರಿ ಅಂಗಡಿಗೆ ಬಂದ. ಕುರ್ಚಿ ಬಿಟ್ಟು ಅವನು ಏಳುವುದೇ ಅಪರೂಪ.

"ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ನಿಮ್ಮತ್ತೆ ನಿನ್ನೆ ನನ್ ಹತ್ರ ಒಂದು ಪೆಟ್ಟಿಗೆ ತೋಟಾ ತಗೊಂಡ್ಲು. ಕಂಪನಿ ತೋಟಾ."

"ಸೆಲ್ಮಾ ಅತ್ತೆ? ಅಂಗಡಿ ತೋಟಾ?"

"ಕಾಗದದ ಚೀಲದಲ್ಲಿ ಸುತ್ತಿಕೊಡು ಅಂದ್ಲು. ಹೆಂಡದ ಬಾಟಲಿ ಒಯ್ಯೋ ಹಾಗೆ ಒಯ್ದ್ಲು ಕಣಯ್ಯಾ."

ಆರ್ಲೋನ ಮುಖ ಸಣ್ಣದಾಯಿತು. ಅವನಿಗಾದ ನೋವು ಇಷ್ಟೇ ಎಂದು ಹೇಳಲಾಗದು. ತಾನು ಕಟ್ಟಿದ್ದನ್ನು ನಂಬಲಾರದೆ ಅತ್ತೆ ಎರಡು ತಿಂಗಳು ನೆಪ ಹೇಳಿದ್ದಾಳೆ, ಕೊನೆಗೆ ಜೀವಮಾನವೆಲ್ಲ ಹೀಯಾಳಿಸಿದ ಅಂಗಡಿ ತೋಟಾವೇ ತನ್ನದಕ್ಕಿಂತ ವಾಸಿ ಎನಿಸಿದೆ. ಒಳ್ಳೆಯದಿಲ್ಲ ಎಂದು ಮುಖಕ್ಕೆ ಹೇಳಿದ್ದರೆ ತಡೆದುಕೊಳ್ಳುತ್ತಿದ್ದ. ಕೈ ಕೂಡ ತೊಳೆಯದೆ ಟ್ರಕ್ ಹತ್ತಿದ, ಇವತ್ತು ಕೇಳಿಯೇಬಿಡುವುದೆಂದು.

ಮನೆಯಲ್ಲಿ ಅವಳಿರಲಿಲ್ಲ. ಜಲ್ಲಿ ಗುಂಡಿಯ ಹತ್ತಿರ ಅವಳ ಹಸಿರು ಟ್ರಕ್ ನಿಂತಿತ್ತು. ಆರ್ಲೋ ಮೇಲಿನ ದಾರಿಯಿಂದ ಇಳಿದ. ಐವತ್ತು ಹೆಜ್ಜೆ ಇರುವಾಗ ನಿಂತ. ಸೆಲ್ಮಾ ಮರದ ಮೇಜಿಗೆ ಆತು ಕೂತಿದ್ದಳು. ಕಿವಿಗೆ ಮುಚ್ಚಳ ಹಾಕಿದ್ದರಿಂದ ಅವನು ಬಂದದ್ದು ಕೇಳಿಸಲಿಲ್ಲ. ಆರ್ಲೋ ಕಟ್ಟಿದ ತೋಟಾಗಳ ಕೆಂಪು ಡಬ್ಬಿ ಮೇಜಿನ ಮೇಲೆ ತೆರೆದಿತ್ತು. ಅದರಿಂದ ಒಂದು ತೆಗೆದು ಹಾಕಿ ಬೋಲ್ಟು ಮುಂದೆ ತಳ್ಳಿದಳು. ಹಿಡಿಯನ್ನು ಕೆಳಗೆ ಒತ್ತಿದಳು. ಇಳಿಯಲಿಲ್ಲ. ಬೆರಳಿಂದ ಒತ್ತಿದಳು, ಅಂಗೈ ಬುಡದಿಂದ ಒತ್ತಿದಳು, ರೈಫಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಒತ್ತಿದಳು. ಆಮೇಲೆ ಹಿಡಿ ಬಿಟ್ಟು, ಊದಿದ ಗಿಣ್ಣನ್ನು ಬಾಯಲ್ಲಿಟ್ಟುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಕಾಗದದ ಚೀಲದಿಂದ ಅಂಗಡಿ ತೋಟಾ ತೆಗೆದಳು. ಅದು ಸಲೀಸಾಗಿ ಮುಚ್ಚಿತು. ಮೂರು ಹಾರಿಸಿ ದುರ್ಬೀನಿನಲ್ಲಿ ನೋಡಿದಳು. ಕಾಗದದ ಮೇಲೆ ತೂತುಗಳು ಅಂಗೈಯಗಲ ಚದುರಿದ್ದವು. ಅಂಥ ತೋಟಾ ಹಿಡಿದು ಅವಳು ಯಾವ ಪ್ರಾಣಿಯ ಮೇಲೂ ಗುರಿ ಇಡುವವಳಲ್ಲ. ದುರ್ಬೀನು ಕೆಳಗಿಟ್ಟು, ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡಳು.

ಆರ್ಲೋ ಬಂದ ದಾರಿಯಲ್ಲೇ ಸದ್ದಿಲ್ಲದೆ ವಾಪಸಾದ. ಟ್ರಕ್ಕಿನಲ್ಲಿ ಕೂತು ತನ್ನ ಕೈ ನೋಡಿಕೊಂಡ. ನಾಲ್ಕೈದು ಸಲ ಹಾರಿಸಿ ಕತ್ತನ್ನಷ್ಟೇ ಒತ್ತಿದ ಹಿತ್ತಾಳೆ ಪ್ರತಿ ಸಲವೂ ಮೈಯಲ್ಲಿ ಒಂದಿಷ್ಟು ದಪ್ಪವಾಗುತ್ತ ಬಂದಿತ್ತು. ಟಕ್ ಎಂದು ಅವನಿಗೆ ಹಿತವಾದದ್ದು ಅವಳ ಕೈಗೆ ಗೋಡೆ. ಕಣ್ಣು ಮಂಜೆಂದಳಲ್ಲ, ಆ ಕಣ್ಣು ಮುನ್ನೂರು ಗಜ ದೂರದ ತೂತನ್ನು ಎಣಿಸುತ್ತಿತ್ತು! ಬೇಸಿಗೆಯಿಡೀ ಅವಳು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ತಾನು ಪಕ್ಕದಲ್ಲೇ ಕೂತಿದ್ದೂ ಅದನ್ನು ನೋಡಲಿಲ್ಲ. ಹಾರಿಸುವವಳು ಅವಳು, ತಾನು ಮಾತ್ರ ತನ್ನ ಭುಜದ ಅಳತೆಗೆ ತೋಟಾ ಕಟ್ಟಿದ್ದ. ತನಗೆ ತಾನೇ ಬಾಯಿಗೆ ಬಂದಂತೆ ಬೈದುಕೊಂಡು ನೇರ ವಿಲ್ಬರನ ಅಂಗಡಿಗೆ ಹೋದ.

"ಪೂರಾ ಮೈದು ಕೊಡು."

"ಬೈಸ್ಕೊಳೋರು ಯಾರು?"

"ನಾನು. ತಪ್ಪು ಆರಿಸಿದ್ದೂ ನಾನೇ."

ವಿಲ್ಬರ್ ಮತ್ತೇನೂ ಕೇಳದೆ ಬೀಗ ತೆಗೆದ.

ಮರುದಿನ ಶನಿವಾರ ಚರ್ಚಿನಲ್ಲಿ ಲೂಟೆಫಿಸ್ಕ್ ಮೀನಿನ ಊಟ. ಸೆಲ್ಮಾ ಬೆಳಗಿನಿಂದಲೇ ಅಲ್ಲಿ ಆಲೂಗಡ್ಡೆ ಬೇಯಿಸಲು ಹೋಗಿದ್ದಳು. ಅವಳ ಮನೆಗೆ ಬೀಗ ಹಾಕುವ ಪದ್ಧತಿಯೇ ಇಲ್ಲ. ಆರ್ಲೋ ನೆಲಮಾಳಿಗೆಗೆ ಇಳಿದು ಪ್ರೆಸ್ಸಿಗೆ ಹೊಸ ಡೈ ಕೂರಿಸಿದ. ಖಾಲಿ ತೋಟಾಗಳಿಗೆ ಒಂದೊಂದಕ್ಕೂ ಮೇಣ ಸವರಿ, ಒತ್ತಿ, ಮೇಣ ಒರೆಸಿದ. ಪೂರಾ ಮೈಯ ಡೈಗೆ ಇದೊಂದು ರಗಳೆ, ಮೇಣ ಮರೆತರೆ ಹಿತ್ತಾಳೆ ಅದರೊಳಗೇ ಕಚ್ಚಿಕೊಳ್ಳುತ್ತದೆ. ರೈಫಲಿನ ಬೋಲ್ಟಿನಿಂದ ಕೇಪು ಸಿಡಿಸುವ ಸೂಜಿ ಬಿಚ್ಚಿಟ್ಟು, ಒತ್ತಿದ ಖಾಲಿ ತೋಟಾವನ್ನು ಹಾಕಿ ನೋಡಿದ. ಇನ್ನೂ ಒಂಚೂರು ಬಿಗಿ. ಡೈಯನ್ನು ಕಾಲು ಸುತ್ತಿನ ಅರ್ಧದಷ್ಟು ಇಳಿಸಿದ. ಮತ್ತೆ ನೋಡಿದ. ಬಲಗೈಯಿಂದಲ್ಲ, ಎಡಗೈಯ ಕಿರುಬೆರಳಿನಿಂದ. ಕಿರುಬೆರಳಿಗೇ ಬೋಲ್ಟು ಸದ್ದಿಲ್ಲದೆ ಇಳಿಯುವವರೆಗೆ ಅವನು ಬಿಡಲಿಲ್ಲ. ಆಮೇಲೆ ಅತ್ತೆ ಕಲಿಸಿದ ಹಾಗೆ ಕೇಪು, ಮದ್ದು, ಗುಂಡು ಹಾಕಿ ಇಪ್ಪತ್ತು ಕಟ್ಟಿದ. ಇಪ್ಪತ್ತನ್ನೂ ಒಂದೊಂದಾಗಿ ಹಾಕಿ, ಮುಚ್ಚಿ, ತೆಗೆದು ನೋಡತೊಡಗಿದ. ಹದಿನೆಂಟನೆಯದರ ಹೊತ್ತಿಗೆ ಮೆಟ್ಟಿಲ ಮೇಲೆ ಮೀನಿನ ವಾಸನೆ, ಬೆಣ್ಣೆಯ ವಾಸನೆ ಬಂತು. ಸೆಲ್ಮಾ ನಿಂತಿದ್ದಳು.

"ಕಳ್ಳ ಬಂದಿದಾನೆ ಅಂದ್ಕೊಂಡೆ. ಏನ್ ಮಾಡ್ತಿದೀಯ?"

"ಅತ್ತೆ, ನಾನು ಡೈ ತಪ್ಪು ಆರಿಸಿದ್ದೆ. ಅದಕ್ಕೇ..."

ಅವಳು ಮೇಜಿನ ಮೇಲಿನ ಡಬ್ಬಿ ನೋಡಿದಳು, ಅವನ ಕಿರುಬೆರಳು ನೋಡಿದಳು. ಬೈಗುಳ ಬರುತ್ತದೆಂದು ಅವನು ಕಾದ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಜೂನಲ್ಲಿ ನೀನು ಇದನ್ನೇ ತರ್ತೀಯ ಅಂತ ದೇವರಿಗೆ ಬೇಡ್ಕೊಂಡಿದ್ದೆ ಕಣೋ."

"ಏನು? ಹೇಳ್ಬಾರದಿತ್ತಾ?"

"ಹೆಂಗೆ ಹೇಳ್ಲಿ? ನಲವತ್ತು ವರ್ಷ ಊರಿನೋರನ್ನೆಲ್ಲ ಇದೇ ವಿಷಯಕ್ಕೆ ಆಡ್ಕೊಂಡಿದೀನಿ. ನೀನೇ ಆರಿಸು ಅಂದ್ರೆ, ನೀನು ಪೂರಾ ಮೈದು ತಂದ್ರೆ, ಹುಡುಗನಿಗೆ ಗೊತ್ತಾಗ್ಲಿಲ್ಲ ಪಾಪ ಅಂತ ಬೈದು ಸುಮ್ನಾಗ್ಬಹುದಿತ್ತು. ನೀನೋ, ದೊಡ್ಡ ಬುದ್ಧಿವಂತ, ಅತ್ತೆಗೆ ಇಷ್ಟ ಅಂತ ಕತ್ತಿನದು ತಂದೆ."

ಆರ್ಲೋ ಕೈಯ ಮೇಣ ಒರೆಸಿಕೊಂಡ. ಅವಳ ಪಕ್ಕ ಹೋಗಿ ಕೂತ. ಅವಳು ಎರಡೂ ಕೈ ಮುಂದೆ ಚಾಚಿ ತೋರಿಸಿದಳು. ಗಿಣ್ಣುಗಳು ಶುಂಠಿಯ ಹಾಗೆ ಊದಿದ್ದವು.

"ಎರಡು ವರ್ಷ ಆಯ್ತು. ಕೇಪು ಹಿಡಿಯೋಕೂ ಆಗಲ್ಲ. ಊರಲ್ಲಿ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಯಾರಾದ್ರೂ ಕೇಳಿದ್ರೆ ತೋಟಾ ನಂದೇ. ಮಾತು ಕೊಡು."

"ಕೊಟ್ಟೆ ಅತ್ತೆ. ನಿಂದೇ."

ನವೆಂಬರ್ ಎರಡನೆಯ ವಾರ ಹಿಮ ಬಿದ್ದು ಟಗರುಗಳು ಕೆಳಗಿಳಿದವು. ಅತ್ತೆಯ ಕಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಎಪ್ಪತ್ತೊಂದರ ಆ ಕಾಲು ಬೆಟ್ಟ ಹತ್ತಿದ ಪರಿಗೆ ಆರ್ಲೋ ಮೂರು ಕಡೆ ಬೂಟಿನ ದಾರ ಕಟ್ಟುವ ನೆಪದಲ್ಲಿ ಕೂತು ಉಸಿರು ತೆಗೆದುಕೊಂಡ. ಎರಡನೆಯ ದಿನ ಬೆಳಿಗ್ಗೆ ಬಂಡೆಯ ಅಂಚಿನಲ್ಲಿ ಸೆಲ್ಮಾ ಹೊಟ್ಟೆಯ ಮೇಲೆ ಮಲಗಿದಳು. ಇನ್ನೂರ ಮೂವತ್ತು ಗಜ ದೂರದಲ್ಲಿ ಮುದಿ ಟಗರು ನಿಂತಿತ್ತು, ಕೊಂಬು ಪೂರ್ತಿ ಸುತ್ತು ತಿರುಗಿ ತುದಿ ಜಜ್ಜಿಹೋಗಿತ್ತು. ಬೋಲ್ಟು ಮುಚ್ಚಿದ ಸದ್ದು ಪಕ್ಕದಲ್ಲಿದ್ದ ಆರ್ಲೋಗೇ ಕೇಳಿಸಲಿಲ್ಲ.

ಗುಂಡು ಹಾರಿತು. ಟಗರು ಮುಗ್ಗರಿಸಿತು, ಬೀಳಲಿಲ್ಲ. ಕಂದಕದ ಕಡೆ ತಿರುಗಿತು. ಮೂರು ಹೆಜ್ಜೆ ಇಟ್ಟರೆ ಆಚೆ ಪ್ರಪಾತ, ಗಾಯದಲ್ಲೇ ಎಲ್ಲಿ ಬಿದ್ದು ನರಳುತ್ತದೋ ಯಾರಿಗೂ ಸಿಗುವುದಿಲ್ಲ. ಆದರೆ ಅತ್ತೆಯ ಕೈ ಆಗಲೇ ಬೋಲ್ಟನ್ನು ಎತ್ತಿ, ಎಳೆದು, ತಳ್ಳಿ, ಇಳಿಸಿತ್ತು. ಕಣ್ಣು ರೈಫಲಿನ ಮೇಲಿನ ದುರ್ಬೀನಿನಿಂದ ಅಲುಗಲೂ ಇಲ್ಲ. ಎರಡನೆಯ ಗುಂಡಿಗೆ ಟಗರು ನಿಂತಲ್ಲೇ ಕುಸಿದು ಬಿತ್ತು.

ಸೆಲ್ಮಾ ರೈಫಲನ್ನು ಪಕ್ಕಕ್ಕಿಟ್ಟಳು. ಆಮೇಲೆ ಹಿಮದಲ್ಲಿ ಮುಖ ಇಟ್ಟುಕೊಂಡೇ ಅತ್ತಳು. ಆರ್ಲೋ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತ.

ಟಗರಿನ ಕೊಂಬನ್ನು ವನ್ಯಜೀವಿ ಕಚೇರಿಗೆ ಒಯ್ದು ಅಳತೆ ಮಾಡಿಸಿ ಗುರುತು ಹಾಕಿಸಬೇಕು. ಸುದ್ದಿ ಅವರಿಗಿಂತ ಮುಂಚೆ ತಲುಪಿತ್ತು. ಆ ಪುಟ್ಟ ಕಚೇರಿಯಲ್ಲಿ ಹತ್ತು ಹನ್ನೆರಡು ಗಂಡಸರು ಟೋಪಿ ತೆಗೆದು ನಿಂತಿದ್ದರು. ವಿಲ್ಬರನೂ ಇದ್ದ. ಪಂದ್ಯದಲ್ಲಿ ವರ್ಷ ವರ್ಷವೂ ಸೆಲ್ಮಾಳ ಹಿಂದೆ ಎರಡನೆಯವನಾಗಿ ಬಂದು ಬೈಸಿಕೊಳ್ಳುತ್ತಿದ್ದ ಮುದುಕ ಆರ್ವಿಡ್ ಬಾಗಿಲಿಗೆ ಒರಗಿದ್ದ. ಕಚೇರಿಯ ಹುಡುಗಿ ಜೋನಿ ಕೊಂಬಿಗೆ ಟೇಪು ಹಿಡಿಯುತ್ತ ಹೇಳಿದಳು, "ಎರಡೇ ಗುಂಡಂತೆ ಸೆಲ್ಮಾ ಆಂಟಿ! ಎಂದಿನ ಹಾಗೆ ನಿಮ್ಮ ಕೈಯ ತೋಟಾನೇ ತಾನೆ?"

"ಹೌದು, ಅತ್ತೇದೇ," ಎಂದ ಆರ್ಲೋ, ಥಟ್ಟನೆ.

"ಅಲ್ಲ," ಎಂದಳು ಸೆಲ್ಮಾ.

ಎಲ್ಲರೂ ತಿರುಗಿದರು. ಅವಳು ಕೈಗವಸು ಬಿಚ್ಚಿ, ಎರಡೂ ಕೈಯನ್ನು ಮೇಜಿನ ಮೇಲೆ ಕೊಂಬಿನ ಪಕ್ಕಕ್ಕೇ ಇಟ್ಟಳು.

"ನನ್ ಕೈ ಹೋಗಿ ಎರಡು ವರ್ಷ ಆಯ್ತು. ಬಿಗಿ ಬೋಲ್ಟು ಮುಚ್ಚೋಕಾಗಲ್ಲ. ತೋಟಾ ಕಟ್ಟಿದ್ದು ಇವನು, ನಮ್ಮಣ್ಣನ ಮಗ. ಪೂರಾ ಮೈಯ ಡೈಯಲ್ಲಿ ಕಟ್ಟಿದ್ದು. ಹೌದು, ಪೂರಾ ಮೈಯದೇ. ನಗೋರಿದ್ರೆ ಈಗ್ಲೇ ನಕ್ಕುಬಿಡಿ, ಆಮೇಲೆ ನಂಗೆ ಪುರಸೊತ್ತಿಲ್ಲ."

ಯಾರೂ ನಗಲಿಲ್ಲ. ಜೋನಿಯ ಕೈಯಲ್ಲಿ ಟೇಪು ಹಾಗೇ ನಿಂತಿತ್ತು. ಹತ್ತೊಂಬತ್ತು ಸಲ ಗೆದ್ದಾಗಲೂ ಅತ್ತೆ ಆರ್ಲೋನ ಕಣ್ಣಿಗೆ ಇಷ್ಟು ದೊಡ್ಡವಳಾಗಿ ಕಂಡಿರಲಿಲ್ಲ.

ಬಾಗಿಲ ಹತ್ತಿರದಿಂದ ಆರ್ವಿಡ್ ನಿಧಾನವಾಗಿ ಮುಂದೆ ಬಂದ. ಎರಡು ವರ್ಷದಿಂದ ಅವನೂ ಬೇಟೆಗೆ ಹೋಗಿರಲಿಲ್ಲ. ಬೇಜಾರು ಬಂತು, ಚಳಿ ಆಗಲ್ಲ ಎಂದು ಎಲ್ಲರಿಗೂ ಹೇಳಿದ್ದ. ಅವನು ಜೇಬಿನಿಂದ ಕೈ ತೆಗೆದು, ಸೆಲ್ಮಾಳ ಕೈಯ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟ. ಬೆರಳುಗಳು ಒಂದು ಕಡೆಗೆ ವಾಲಿದ್ದವು.

"ಆರ್ಲೋ," ಎಂದ, ಬೇರೆ ಯಾರ ಮುಖವನ್ನೂ ನೋಡದೆ. "ನನ್ ರೈಫಲು ಥರ್ಟಿ ಆಟ್ ಸಿಕ್ಸ್ ಅಳತೇದು. ಅದಕ್ಕೆ ಯಾವ ಡೈ ತಗೊಳ್ಲಿ ಹೇಳಪ್ಪಾ."